ಪ್ರೀಮಿಯಂ ಏರಿದ್ದು ಕಂಡಿತು, ಕವರೇಜ್ ಇಳಿದದ್ದು?

ಟೆಕ್ಸಾಸ್‌ನ ಡಲ್ಲಾಸ್ ಆಸುಪಾಸಿನಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಕಟ್ಟಡಕ್ಕೆ 5 ಲಕ್ಷ ಡಾಲರ್ ವಿಮೆ ಇದೆ. ಏಪ್ರಿಲ್‌ನ ಒಂದು ಸಂಜೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಸುರಿದು ಚಾವಣಿಯ ಶಿಂಗಲ್‌ಗಳು ಹಾಳಾದವು. ಹೊಸ ಚಾವಣಿಗೆ 24,000 ಡಾಲರ್ ಬೇಕು. ಪಾಲಿಸಿ ಚಾಲ್ತಿಯಲ್ಲಿದೆ, ಕಂತು ಬಾಕಿಯಿಲ್ಲ, ಆಲಿಕಲ್ಲಿನ ಹಾನಿಗೆ ಪಾಲಿಸಿಯಲ್ಲಿ ಜಾಗವೂ ಇದೆ. ಆದರೂ ಕಂಪನಿಯಿಂದ ಬರುವ ಹಣ ಸೊನ್ನೆ. ಮೋಸವೇನೂ ಆಗಿಲ್ಲ, ಲೆಕ್ಕವೇ ಹಾಗಿದೆ.

ಚಾವಣಿಯ ಆಯುಸ್ಸು 20 ವರ್ಷ, ಅದರಲ್ಲಿ 12 ಕಳೆದಿದೆ ಎಂದು, ನಷ್ಟ ಅಳೆಯಲು ಕಂಪನಿ ಕಳಿಸಿದ ಅಡ್ಜಸ್ಟರ್ ಹಿಡಿದರು. ಉಳಿದದ್ದು 20ರಲ್ಲಿ 8 ಪಾಲು, 24,000ದಲ್ಲಿ 9,600. ಹೊಸದರ ಬೆಲೆಯಿಂದ ಸವಕಳಿ ಕಳೆದ ಈ ಮೊತ್ತಕ್ಕೆ ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ ಎನ್ನುತ್ತಾರೆ. ಇನ್ನು ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲು ನೀವೇ ಹೊರಬೇಕಾದ ಪಾಲು. ಗಾಳಿ ಮತ್ತು ಆಲಿಕಲ್ಲಿಗೆ ಅದು ಶೇ 2. ಅದನ್ನು ನಷ್ಟದ ಶೇ 2, ಅಂದರೆ 480 ಡಾಲರ್, ಅಂದುಕೊಳ್ಳುವವರೇ ಹೆಚ್ಚು. ಅದು ಕಟ್ಟಡದ ವಿಮಾ ಮೊತ್ತದ ಶೇ 2. ಅಂದರೆ 10,000 ಡಾಲರ್. 9,600ರಲ್ಲಿ 10,000 ಕಳೆಯಲು ಏನು ಉಳಿದಿದೆ?

ಇದೇ ಮನೆಗೆ ಚಾವಣಿಯ ಮೇಲೂ ರಿಪ್ಲೇಸ್‌ಮೆಂಟ್ ಕಾಸ್ಟ್ ಇದ್ದಿದ್ದರೆ, ಅಂದರೆ ಸವಕಳಿ ಕಳೆಯದೆ ಹೊಸದರ ಬೆಲೆ ಕೊಡುವ ಷರತ್ತಿದ್ದರೆ, 14,000 ಡಾಲರ್ ಬರುತ್ತಿತ್ತು. ಅದೂ ಎರಡು ಹಂತದಲ್ಲಿ. ಮೊದಲು ಸವಕಳಿ ಕಳೆದ ಮೊತ್ತ ಮಾತ್ರ, ಅಂದರೆ ಇಲ್ಲಿ ಏನೂ ಇಲ್ಲ. ಕೆಲಸ ಮುಗಿಸಿ ಬಿಲ್ಲು ಕೊಟ್ಟ ಮೇಲೆ ತಡೆಹಿಡಿದದ್ದು. ಮೊದಲ ಪತ್ರದಲ್ಲಿ ಸೊನ್ನೆ ಕಂಡು ಕ್ಲೇಮು ತಿರಸ್ಕೃತವಾಯಿತೆಂದು ಸುಮ್ಮನಾಗುವವರಿದ್ದಾರೆ. ಇಂಥ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿಯುವ ಚಾವಣಿ ಗುತ್ತಿಗೆದಾರ, ‘ನಿಮ್ಮ ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ’ ಎನ್ನುತ್ತಾನೆ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರ್ 1ರಿಂದ ಅದು ಅಪರಾಧ. ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ಕೊಡಿ ಎಂದು ಕಂಪನಿ ಕೇಳಬಹುದು. ಅದು ಸಿಗುವ ತನಕ ತಡೆಹಿಡಿದ ಹಣ ಬಿಡದೆಯೂ ಇರಬಹುದು.

ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ, ರಿಪ್ಲೇಸ್‌ಮೆಂಟ್ ಕಾಸ್ಟ್, ಡಿಡಕ್ಟಿಬಲ್ ಇವೆಲ್ಲ ಅಮೆರಿಕದ ಪರ್ಸನಲ್ ಲೈನ್ಸ್ ಲೈಸೆನ್ಸ್ ಪರೀಕ್ಷೆಯ ಆರಂಭದ ಪಾಠಗಳು. ಮನೆ, ಕಾರು, ಬಾಡಿಗೆದಾರರ ಸಾಮಾನು, ಮನೆ ಮತ್ತು ಕಾರಿನ ಪಾಲಿಸಿಯ ಹೊಣೆಯ ಮಿತಿ ಮುಗಿದ ಮೇಲೆ ನೆರವಿಗೆ ಬರುವ ಅಂಬ್ರೆಲಾ ಹೀಗೆ ವ್ಯಕ್ತಿ ಮತ್ತು ಕುಟುಂಬಕ್ಕೆ ಬೇಕಾದ ವಿಮೆ ಮಾರಲು ಆಯಾ ರಾಜ್ಯ ಕೊಡುವ ಪರವಾನಗಿ ಇದು. ಅಂಗಡಿ, ಕಾರ್ಖಾನೆಗಳ ವಿಮೆ ಇದರಲ್ಲಿ ಬರುವುದಿಲ್ಲ. ಈ ಪಾಠಗಳನ್ನು ಏಜೆಂಟರಿಗೆ ಮಾತ್ರ ಬೇಕಾದವು ಎಂದು ಪಕ್ಕಕ್ಕಿಡುವ ಕಾಲ ಹೋಯಿತು. ಕಳೆದ ಕೆಲವು ವರ್ಷಗಳಲ್ಲಿ ಮನೆ ವಿಮೆಯ ಪ್ರೀಮಿಯಂ ಏರಿದ್ದು ಎಲ್ಲರ ಬಾಯಲ್ಲೂ ಇದೆ. ಅದಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿದೆ. ಸಾವಿರ ಡಾಲರಿನ ಡಿಡಕ್ಟಿಬಲ್ ಶೇಕಡಾವಾರು ಆಗಿದೆ, ಹಳೆಯ ಚಾವಣಿಗೆ ಹೊಸದರ ಬೆಲೆ ಕೊಡುವ ಷರತ್ತು ಸವಕಳಿಗೆ ಇಳಿದಿದೆ. ನವೀಕರಣದ ಲಕೋಟೆಯಲ್ಲಿ ಪ್ರೀಮಿಯಂ ದೊಡ್ಡ ಅಕ್ಷರದಲ್ಲಿರುತ್ತದೆ. ಉಳಿದದ್ದು ಪಾಲಿಸಿಯ ಸಾರ ಹೇಳುವ ಡಿಕ್ಲರೇಷನ್ ಪುಟದ ಕೆಳಗೆ, ಎಂಡಾರ್ಸ್‌ಮೆಂಟ್‌ಗಳ, ಅಂದರೆ ಪಾಲಿಸಿಯನ್ನು ಬದಲಿಸುವ ಸೇರ್ಪಡೆಗಳ, ಪಟ್ಟಿಯಲ್ಲಿ, ಬರೀ ಫಾರ್ಮ್ ನಂಬರಿನ ರೂಪದಲ್ಲಿ.

ಹೀಗೇಕಾಯಿತು ಎಂಬುದಕ್ಕೂ ಅದೇ ಪರೀಕ್ಷೆಯ ಪಠ್ಯದಲ್ಲಿ ಉತ್ತರವಿದೆ. ವಿಮೆ ನಿಂತಿರುವುದು ದೊಡ್ಡ ಸಂಖ್ಯೆಗಳ ನಿಯಮದ ಮೇಲೆ. ಒಂದು ಕಾರು ಈ ವರ್ಷ ಗುದ್ದುತ್ತದೆಯೋ ಇಲ್ಲವೋ ಹೇಳಲಾಗದು. ಒಂದು ಲಕ್ಷ ಕಾರುಗಳಲ್ಲಿ ಸುಮಾರು ಎಷ್ಟು ಗುದ್ದುತ್ತವೆ ಎಂದು ಹೇಳಬಹುದು. ಆದರೆ ಇದಕ್ಕೊಂದು ಷರತ್ತಿದೆ. ಒಬ್ಬರ ನಷ್ಟಕ್ಕೂ ಇನ್ನೊಬ್ಬರ ನಷ್ಟಕ್ಕೂ ಸಂಬಂಧ ಇರಕೂಡದು. ಮೈಸೂರು ರಸ್ತೆಯಲ್ಲಿ ಒಬ್ಬರ ಕಾರು ಗುದ್ದಿದರೆ ಮಲ್ಲೇಶ್ವರದಲ್ಲಿ ಇನ್ನೊಬ್ಬರದು ಗುದ್ದಬೇಕೆಂದೇನೂ ಇಲ್ಲ. ಆಲಿಕಲ್ಲು, ಕಾಳ್ಗಿಚ್ಚು, ಚಂಡಮಾರುತ ಹಾಗಲ್ಲ. ಒಂದೇ ರಾತ್ರಿ ಒಂದೇ ಬಡಾವಣೆಯ ಮನೆಗಳೆಲ್ಲ ಕ್ಲೇಮಿಗೆ ಬರುತ್ತವೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಭಾಗದ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಸೇರಿ 16,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟವು. ಇಂಥದ್ದನ್ನು ತಾಳಿಕೊಳ್ಳಲು ಕಂಪನಿಗಳೇ ತಮಗೊಂದು ವಿಮೆ ಮಾಡಿಸಿಕೊಳ್ಳುತ್ತವೆ. ಅದು ಮರುವಿಮೆ. ಅದರ ದರ ಏರಿದರೆ ಮನೆ ಮನೆಯ ಪ್ರೀಮಿಯಂ ಏರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಅದು ಏರಲಿಲ್ಲ, ಅಥವಾ ಬೇಕಾದಷ್ಟು ಬೇಗ ಏರಲಿಲ್ಲ. 1988ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 103ರ ಪ್ರಕಾರ ದರ ಬದಲಿಸಲು ರಾಜ್ಯದ ವಿಮಾ ಆಯುಕ್ತರ ಪೂರ್ವಾನುಮತಿ ಬೇಕು. ಅದರ ಕೆಳಗಿನ ನಿಯಮಗಳು ಹಿಂದಿನ ನಷ್ಟದ ಸರಾಸರಿ ನೋಡಿ ದರ ಕಟ್ಟಲು ಹೇಳುತ್ತಿದ್ದವು, ಮುಂದಿನ ಬೆಂಕಿಯ ಅಂದಾಜಿನ ಮೇಲಲ್ಲ. ಬೆಲೆ ಏರಿಸಲಾಗದ ಕಂಪನಿಗೆ ಉಳಿಯುವ ದಾರಿ ಒಂದೇ: ಹೊಸ ಗಿರಾಕಿ ಬೇಡ ಎನ್ನುವುದು. ರಾಜ್ಯದ ಅತಿ ದೊಡ್ಡ ಮನೆ ವಿಮಾ ಕಂಪನಿ ಸ್ಟೇಟ್ ಫಾರ್ಮ್ ಜನರಲ್ 2023ರ ಮೇಯಲ್ಲಿ ಹೊಸ ಅರ್ಜಿ ನಿಲ್ಲಿಸಿತು. 2024ರ ಮಾರ್ಚ್‌ನಲ್ಲಿ ಸುಮಾರು 72,000 ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದು ಪ್ರಕಟಿಸಿತು. ಆಮೇಲೆ ನಿಯಮ ಸಡಿಲವಾಯಿತು. ಈಗ ಮುಂದಿನ ಅಪಾಯದ ಮಾದರಿ ಮತ್ತು ಮರುವಿಮೆಯ ವೆಚ್ಚ ದರದೊಳಗೆ ಬರಬಹುದು, ಬದಲಿಗೆ ಕಂಪನಿಗಳು ಬೆಂಕಿಭಯದ ಪ್ರದೇಶದಲ್ಲೂ ಪಾಲಿಸಿ ಬರೆಯಬೇಕು.

ಎಲ್ಲರೂ ಬಿಟ್ಟ ಮನೆಗಳು ಸೇರುವ ಜಾಗ ಫೇರ್ ಪ್ಲಾನ್. 1968ರಲ್ಲಿ ಹುಟ್ಟಿದ ಕೊನೆಯ ಆಸರೆ ಇದು. ಸರ್ಕಾರಿ ಹಣವಲ್ಲ, ರಾಜ್ಯದಲ್ಲಿ ವ್ಯಾಪಾರ ಮಾಡುವ ವಿಮಾ ಕಂಪನಿಗಳ ಕೂಟ. ಅಪಾಯ ಹೆಚ್ಚಿದ್ದವರೇ ಒಂದೆಡೆ ಸೇರುವುದಕ್ಕೆ ಪರೀಕ್ಷೆಯ ಭಾಷೆಯಲ್ಲಿ ಅಡ್ವರ್ಸ್ ಸೆಲೆಕ್ಷನ್ ಎನ್ನುತ್ತಾರೆ. ಅದರ ಫಲ 2025ರ ಫೆಬ್ರವರಿಯಲ್ಲಿ ಕಂಡಿತು. ಕೂಟದ ಹಣ ಸಾಲದೆ ಸದಸ್ಯ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲಿಗೆ ಆಯುಕ್ತರು ಒಪ್ಪಿದರು. ಅದರ ಅರ್ಧವನ್ನು ಕಂಪನಿಗಳು ತಮ್ಮ ಗಿರಾಕಿಗಳ ಬಿಲ್ಲಿಗೆ ಹಾಕಬಹುದು. ಕಾಡಿನ ಸುಳಿವೇ ಇಲ್ಲದ ಸ್ಯಾನ್ ಹೋಸೆಯ ಮನೆಯ ಬಿಲ್ಲಿನಲ್ಲೂ ಒಂದು ಹೊಸ ಸಾಲು ಕಾಣಿಸಿಕೊಂಡರೆ ಅದರ ಮೂಲ ಇದು. ಫೇರ್ ಪ್ಲಾನ್‌ನ ಮೂಲ ಪಾಲಿಸಿ ಬೆಂಕಿ, ಸಿಡಿಲು, ಹೊಗೆ, ಒಳಗಿನ ಸ್ಫೋಟಕ್ಕೆ ಮಾತ್ರ. ಕಳ್ಳತನ, ಒಡೆದ ಪೈಪಿನ ನೀರು, ಬೇರೆಯವರಿಗೆ ಕೊಡಬೇಕಾದ ಪರಿಹಾರ ಯಾವುದೂ ಅದರಲ್ಲಿಲ್ಲ. ಅವುಗಳಿಗೆ ಡಿಫರೆನ್ಸ್ ಇನ್ ಕಂಡಿಷನ್ಸ್ ಎಂಬ ಎರಡನೆಯ ಪಾಲಿಸಿ ಕೊಳ್ಳಬೇಕು. ಫೇರ್ ಪ್ಲಾನ್ ಒಂದನ್ನೇ ತೆಗೆದುಕೊಂಡು ‘ಮನೆಗೆ ವಿಮೆ ಇದೆ’ ಎಂದು ನೆಮ್ಮದಿಯಿಂದಿರುವುದು ಅರ್ಧ ಕೊಡೆ ಹಿಡಿದಂತೆ.

ಇಲ್ಲೊಂದು ಪದಜೋಡಿಯನ್ನು ಬಿಡಿಸಿಟ್ಟುಕೊಳ್ಳಬೇಕು. ನಷ್ಟಕ್ಕೆ ನೇರ ಕಾರಣ ಪೆರಿಲ್. ಆ ಕಾರಣ ಒದಗುವ ಸಂಭವವನ್ನು ಹೆಚ್ಚಿಸುವ ಸ್ಥಿತಿ ಹಜಾರ್ಡ್. ಬೆಂಕಿ ಪೆರಿಲ್, ಗೋಡೆಗೆ ತಾಗಿ ಒಣಗಿ ನಿಂತ ಪೊದೆ ಹಜಾರ್ಡ್. ದುಡ್ಡಿನಾಸೆಗೆ ಬೆಂಕಿ ಇಡುವ ಬುದ್ಧಿ ಮಾರಲ್ ಹಜಾರ್ಡ್, ‘ವಿಮೆ ಇದೆಯಲ್ಲ’ ಎಂದು ಬಾಗಿಲು ತೆರೆದು ಹೋಗುವ ಉಡಾಫೆ ಮೊರಾಲ್ ಹಜಾರ್ಡ್. ಪರೀಕ್ಷೆಯಲ್ಲಿ ಈ ಕೊನೆಯ ಎರಡನ್ನು ಅಕ್ಕಪಕ್ಕ ಇಟ್ಟೇ ಕೇಳುತ್ತಾರೆ. ಒಂದಕ್ಷರದ ವ್ಯತ್ಯಾಸಕ್ಕೆ ಅಂಕ ಹೋಗುತ್ತದೆ. ಮನೆಯೊಡೆಯನಿಗೆ ಇದರ ಉಪಯೋಗ ಬೇರೆ. ಪೆರಿಲ್ ಅವನ ಕೈಯಲ್ಲಿಲ್ಲ, ಹಜಾರ್ಡ್ ಇದೆ. ಕಂಪನಿಗಳು ಈಗ ಆಕಾಶದಿಂದ ತೆಗೆದ ಚಿತ್ರ ನೋಡಿ ಚಾವಣಿಯ ಪಾಚಿ, ಮೇಲೆ ಬಾಗಿದ ಕೊಂಬೆ, ಹಿತ್ತಲ ಗುಜರಿ ಎಣಿಸುತ್ತವೆ. ನವೀಕರಣ ನಿಲ್ಲಿಸುವ ನೋಟಿಸ್ ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 75 ದಿನ ಮುಂಚೆ ಬರಬೇಕು. ಚಿತ್ರ ಕೇಳಿ, ಕೊಂಬೆ ಕಡಿಸಿ, ಹೊಸ ಫೋಟೊ ಕಳಿಸಲು ಅಷ್ಟು ದಿನ ಸಾಕು.

ಇನ್ನು ಎಷ್ಟಕ್ಕೆ ವಿಮೆ ಮಾಡಿಸಬೇಕು ಎಂಬ ಪ್ರಶ್ನೆ. ಮನೆ ಕೊಂಡ ಬೆಲೆಗಲ್ಲ. ಆ ಬೆಲೆಯಲ್ಲಿ ನೆಲವೂ ಸೇರಿದೆ, ನೆಲ ಸುಡುವುದಿಲ್ಲ. ಬೇಕಾದದ್ದು ಅದೇ ಜಾಗದಲ್ಲಿ ಅದೇ ಗುಣಮಟ್ಟದ ಕಟ್ಟಡವನ್ನು ಇವತ್ತಿನ ಕೂಲಿ, ಇವತ್ತಿನ ಮರದ ದರದಲ್ಲಿ ಎಬ್ಬಿಸುವ ವೆಚ್ಚ. ಸ್ವಂತ ಮನೆಗೆ ಸಾಮಾನ್ಯವಾಗಿ ಮಾರುವ ಎಚ್‌ಓ-3 ಎಂಬ ಪಾಲಿಸಿಯಲ್ಲಿ ಶೇ 80ರ ನಿಯಮವಿದೆ. ಕಟ್ಟುವ ವೆಚ್ಚದ ಕನಿಷ್ಠ ಶೇ 80ರಷ್ಟು ವಿಮೆ ಇರಬೇಕು. ಇಲ್ಲದಿದ್ದರೆ ಸಣ್ಣ ನಷ್ಟಕ್ಕೂ ಪೂರ್ತಿ ಹಣ ಸಿಗುವುದಿಲ್ಲ. ಹತ್ತು ವರ್ಷದ ಹಿಂದೆ 3 ಲಕ್ಷಕ್ಕೆ ಮಾಡಿಸಿದ ವಿಮೆ ಹಾಗೇ ಇದೆ, ಈಗ ಕಟ್ಟುವ ವೆಚ್ಚ 5 ಲಕ್ಷ ಆಗಿದೆ ಎನ್ನಿ. ಇರಬೇಕಾದದ್ದು 4 ಲಕ್ಷ. ಅಡುಗೆಮನೆಗೆ ಬೆಂಕಿ ಬಿದ್ದು 80,000 ಡಾಲರ್ ನಷ್ಟ. ಸಿಗುವುದು ಅದರ ನಾಲ್ಕರಲ್ಲಿ ಮೂರು ಪಾಲು, 60,000. ಡಿಡಕ್ಟಿಬಲ್ ಬೇರೆ ಕಳೆಯುತ್ತದೆ. ಸವಕಳಿ ಕಳೆದ ಮೌಲ್ಯ ಈ 60,000ಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದು ಸಿಗುತ್ತದೆ. ವಿಮೆ 3 ಲಕ್ಷದ್ದು, ನಷ್ಟ 80,000ದ್ದು, ಆದರೂ ಕೈಯಿಂದ 20,000 ಹಾಕಬೇಕು ಎಂಬುದು ಬಹಳ ಮಂದಿಗೆ ನಂಬಲಾಗದ ಮಾತು. ಅಡುಗೆಮನೆ ಹೊಸದು ಮಾಡಿಸಿದಾಗ, ಒಂದು ಕೋಣೆ ಸೇರಿಸಿದಾಗ ಏಜೆಂಟಿಗೆ ತಿಳಿಸದಿದ್ದರೂ ಇದೇ ಬಲೆ.

ಎಚ್‌ಓ-3ರಲ್ಲಿ ಕಟ್ಟಡಕ್ಕೂ ಸಾಮಾನಿಗೂ ಒಂದೇ ನ್ಯಾಯವಿಲ್ಲ. ಕಟ್ಟಡಕ್ಕೆ ಓಪನ್ ಪೆರಿಲ್, ಅಂದರೆ ಪಾಲಿಸಿ ಹೆಸರಿಸಿ ಹೊರಗಿಟ್ಟದ್ದು ಬಿಟ್ಟು ಉಳಿದೆಲ್ಲ ಕಾರಣಕ್ಕೂ ರಕ್ಷಣೆ. ಸಾಮಾನಿಗೆ ನೇಮ್ಡ್ ಪೆರಿಲ್, ಪಟ್ಟಿಯಲ್ಲಿರುವ 16 ಕಾರಣಗಳಿಗೆ ಮಾತ್ರ. ಮೊದಲನೆಯದರಲ್ಲಿ ಇದು ಹೊರಗಿದೆ ಎಂದು ಕಂಪನಿ ತೋರಿಸಬೇಕು, ಎರಡನೆಯದರಲ್ಲಿ ಇದು ಒಳಗಿದೆ ಎಂದು ನೀವು ತೋರಿಸಬೇಕು. ಪ್ರವಾಹ ಮತ್ತು ಭೂಕಂಪ ಎರಡರಲ್ಲೂ ಹೊರಗೆ. ಗಾಳಿಗೆ ಮುರಿದ ಕಿಟಕಿಯಿಂದ ಮಳೆನೀರು ಒಳಬಂದರೆ ಕ್ಲೇಮು ಇದೆ. ಬೀದಿಯಲ್ಲಿ ಏರಿದ ನೀರು ಹೊಸ್ತಿಲು ದಾಟಿದರೆ ಇಲ್ಲ. ಅದಕ್ಕೆ ರಾಷ್ಟ್ರೀಯ ಪ್ರವಾಹ ವಿಮೆ ಬೇಕು: ಮನೆ ಕಟ್ಟಡಕ್ಕೆ ಗರಿಷ್ಠ 2.5 ಲಕ್ಷ ಡಾಲರ್, ಸಾಮಾನಿಗೆ 1 ಲಕ್ಷ, ಮತ್ತು ಸಾಮಾನ್ಯವಾಗಿ 30 ದಿನದ ಕಾಯುವ ಅವಧಿ. ಟಿವಿಯಲ್ಲಿ ಚಂಡಮಾರುತದ ನಕ್ಷೆ ಕಂಡ ಮೇಲೆ ಕೊಂಡರೆ ತಡ. ಭೂಕಂಪದಲ್ಲಿ ಗ್ಯಾಸ್ ಪೈಪು ಸೀಳಿ ಮನೆ ಸುಟ್ಟರೆ? ಅಲುಗಾಟದ ಬಿರುಕಿಗೆ ಇಲ್ಲ, ಬೆಂಕಿಯ ನಷ್ಟಕ್ಕೆ ಉಂಟು.

ಅಮೆರಿಕದಲ್ಲಿರುವ ಕನ್ನಡದ ಮನೆಗಳು ವಿಶೇಷವಾಗಿ ನೋಡಬೇಕಾದದ್ದು ಚಿನ್ನ. ಸಾಮಾನಿನ ವಿಮೆ ಎರಡೂವರೆ ಲಕ್ಷ ಇರಬಹುದು, ಆದರೆ ಒಡವೆ ಕಳ್ಳತನಕ್ಕೆ ಒಳಮಿತಿಯೊಂದಿದೆ. ಬಹುಕಾಲ ಬಳಕೆಯಲ್ಲಿರುವ ಮಾದರಿ ಫಾರ್ಮಿನಲ್ಲಿ ಅದು 1,500 ಡಾಲರ್. ಒಂದು ಒಡವೆಗಲ್ಲ, ಇಡೀ ಕಳ್ಳತನಕ್ಕೆ. 2025ರ ಅಕ್ಟೋಬರ್‌ನಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು. ಆ ದರದಲ್ಲಿ 1,500 ಡಾಲರ್ ಅಂದರೆ 12 ಗ್ರಾಂ ಕೂಡ ಇಲ್ಲ. ಮದುವೆಯಲ್ಲಿ ಬಂದ ಅವಲಕ್ಕಿ ಸರ, ನಾಲ್ಕು ಬಳೆ, ಜುಮಕಿ ಒಟ್ಟಿಗೆ ಹೋದರೆ ಸಿಗುವುದು ಒಂದು ತೆಳು ಸರದ ಬೆಲೆ. ಪರಿಹಾರ ಕಷ್ಟದ್ದೇನಲ್ಲ. ಒಡವೆಗಳನ್ನು ಒಂದೊಂದಾಗಿ ಬೆಲೆ ಸಮೇತ ಪಟ್ಟಿಗೆ ಸೇರಿಸುವ, ಅಂದರೆ ಷೆಡ್ಯೂಲ್ ಮಾಡಿಸುವ, ಎಂಡಾರ್ಸ್‌ಮೆಂಟ್ ಇದೆ. ತೂಕ, ಕ್ಯಾರೆಟ್, ಫೋಟೊ, ಮೌಲ್ಯಮಾಪಕರ ಪತ್ರ ಕೊಟ್ಟರೆ ಆಯಿತು. ಅದರಲ್ಲಿ ಸಾಮಾನ್ಯವಾಗಿ ಡಿಡಕ್ಟಿಬಲ್ ಇರುವುದಿಲ್ಲ, ಎಲ್ಲಿ ಕಳೆಯಿತೆಂದೇ ತಿಳಿಯದ ಒಡವೆಗೂ ಹಣ ಬರುತ್ತದೆ. ಬೆಂಗಳೂರಿನ ಅಂಗಡಿಯ ಹಳೆಯ ರಸೀತಿ ಒಡವೆ ನಿಮ್ಮದೆಂಬುದಕ್ಕೆ ಪುರಾವೆ, ಇವತ್ತಿನ ಬೆಲೆಗಲ್ಲ. ಮೌಲ್ಯಮಾಪನವನ್ನು ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು.

ಊರಿಗೆ ಹೋಗುವಾಗಿನ ವಿಷಯ ಇನ್ನೊಂದು. ವೇಕೆಂಟ್ ಮತ್ತು ಅನ್‌ಆಕ್ಯುಪೈಡ್ ಒಂದೇ ಅಲ್ಲ. ಸಾಮಾನೆಲ್ಲ ಇದ್ದು ಜನ ಮಾತ್ರ ಇಲ್ಲದಿದ್ದರೆ ಅನ್‌ಆಕ್ಯುಪೈಡ್. ಸಾಮಾನೂ ಖಾಲಿಯಾಗಿದ್ದರೆ ವೇಕೆಂಟ್. ಮನೆ ಸತತ 60 ದಿನ ಮೀರಿ ವೇಕೆಂಟ್ ಆಗಿದ್ದರೆ ಕಿಡಿಗೇಡಿಗಳ ಹಾನಿಗೆ ಹಣವಿಲ್ಲ ಎಂಬುದು ವಾಡಿಕೆಯ ಷರತ್ತು. ಎರಡು ತಿಂಗಳು ಶಿವಮೊಗ್ಗದಲ್ಲಿ ಕಳೆದು ಬರುವವರು ಇದಕ್ಕೆ ಹೆದರಬೇಕಿಲ್ಲ. ಅವರು ಹೆದರಬೇಕಾದದ್ದು ಚಳಿಗಾಲದ ಪೈಪಿಗೆ. ಮನೆ ಬೆಚ್ಚಗಿಟ್ಟಿರಬೇಕು, ಇಲ್ಲವೇ ನೀರು ನಿಲ್ಲಿಸಿ ಕೊಳವೆ ಖಾಲಿ ಮಾಡಿರಬೇಕು. ಎರಡೂ ಮಾಡದೆ ಪೈಪು ಹೆಪ್ಪುಗಟ್ಟಿ ಒಡೆದರೆ ಕ್ಲೇಮು ನಿಲ್ಲುವುದಿಲ್ಲ. ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗಿ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟವರ ತೊಂದರೆ ಇನ್ನೂ ದೊಡ್ಡದು. ಎಚ್‌ಓ-3 ನೀವು ವಾಸವಿರುವ ಮನೆಗೆ ಬರೆದ ಕರಾರು. ಬಾಡಿಗೆ ಮನೆಗೆ ಡಿಪಿ-3ರಂಥ ಡ್ವೆಲಿಂಗ್ ಪಾಲಿಸಿ ಬೇಕು. ಮನೆಯನ್ನು ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿಯ ಅಥವಾ ಟ್ರಸ್ಟ್‌ನ ಹೆಸರಿಗೆ ಬರೆದು ಪಾಲಿಸಿಯನ್ನು ಹಳೆಯ ಹೆಸರಿನಲ್ಲೇ ಬಿಟ್ಟರೂ ತಕರಾರು ಬರುತ್ತದೆ, ಏಕೆಂದರೆ ಆಸ್ತಿ ವಿಮೆಯಲ್ಲಿ ಇನ್ಶೂರಬಲ್ ಇಂಟರೆಸ್ಟ್, ಅಂದರೆ ಆಸ್ತಿ ಹಾಳಾದರೆ ನಿಮಗೇ ನಷ್ಟ ಎಂಬ ಸಂಬಂಧ, ನಷ್ಟವಾದ ಹೊತ್ತಿನಲ್ಲಿ ಇರಬೇಕು. ಜೀವ ವಿಮೆಯಲ್ಲಿ ಅದು ಪಾಲಿಸಿ ಕೊಳ್ಳುವಾಗ ಇದ್ದರೆ ಸಾಕು. ಪರೀಕ್ಷೆಯಲ್ಲಿ ಇದು ಬಿಡದೆ ಬರುವ ಪ್ರಶ್ನೆ.

ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದಾರೆ, ಅಮ್ಮ ಮೆಟ್ಟಿಲಲ್ಲಿ ಜಾರಿದರು. ಮನೆ ಪಾಲಿಸಿಯ ಮೆಡಿಕಲ್ ಪೇಮೆಂಟ್ಸ್ ಭಾಗ ‘ಇತರರಿಗೆ’ ಎಂದೇ ಶುರುವಾಗುತ್ತದೆ. ಮನೆಯಲ್ಲೇ ವಾಸವಿರುವವರಿಗೆ ಅದು ಇಲ್ಲ. ಆರು ತಿಂಗಳು ಇದ್ದವರು ಅತಿಥಿಯೋ ನಿವಾಸಿಯೋ ಎಂಬ ವಾದದಲ್ಲಿ ಗೆದ್ದರೂ ಸಿಗುವುದು ಸಾವಿರದಿಂದ ಐದು ಸಾವಿರ ಡಾಲರ್. ಅಮೆರಿಕದ ಆಸ್ಪತ್ರೆಯಲ್ಲಿ ಅದು ಎಕ್ಸ್‌-ರೇ ಕೋಣೆಯ ತನಕ ಹೋಗುವ ದುಡ್ಡು. ಅದಕ್ಕೆ ಪ್ರವಾಸಿ ವೈದ್ಯಕೀಯ ವಿಮೆ ಪ್ರತ್ಯೇಕವಾಗಿ ಬೇಕೇ ಬೇಕು.

ಕಾರಿನ ವಿಷಯದಲ್ಲಿ ಒಂದೇ ಲೆಕ್ಕ ಸಾಕು. ಕ್ಯಾಲಿಫೋರ್ನಿಯಾದ ಕಡ್ಡಾಯ ಕನಿಷ್ಠ ಮಿತಿ 15/30/5 ಇದ್ದದ್ದು 2025ರ ಜನವರಿ 1ರಿಂದ 30/60/15 ಆಗಿದೆ. ಗಾಯಗೊಂಡ ಒಬ್ಬರಿಗೆ 30,000, ಒಂದು ಅಪಘಾತದ ಗಾಯಗಳಿಗೆಲ್ಲ ಸೇರಿ 60,000, ಎದುರಿನವರ ಆಸ್ತಿಗೆ 15,000. ನಿಮ್ಮ ತಪ್ಪಿನಿಂದ ಮೂವರಿಗೆ ಗಾಯ: 45,000, 25,000, 10,000. ಮೊದಲಿನವರಿಗೆ 30,000ಕ್ಕೆ ಕತ್ತರಿ. ಆಗ ಮೂರೂ ಸೇರಿ 65,000, ಅದಕ್ಕೆ ಮತ್ತೆ 60,000ಕ್ಕೆ ಕತ್ತರಿ. ಎದುರಿನ ವಿದ್ಯುತ್ ಕಾರು 38,000, ಸಿಗುವುದು 15,000. ಒಟ್ಟು 1,18,000ದಲ್ಲಿ ಕಂಪನಿ ಕೊಡುವುದು 75,000. ಉಳಿದ 43,000 ನಿಮ್ಮ ಸಂಬಳ, ನಿಮ್ಮ ಉಳಿತಾಯದ ಮೇಲೆ. ಮನೆ ಇರುವವರು ಕನಿಷ್ಠ ಮಿತಿಯಲ್ಲಿ ಕಾರು ಓಡಿಸುವುದು ತಪ್ಪು ಎಂದು ಇಲ್ಲಿ ನೇರವಾಗಿಯೇ ಹೇಳಬಹುದು. 100/300/100ಕ್ಕೆ ಏರಿಸುವ ಖರ್ಚು ಮಿತಿಗಳು ಏರಿದ ಪ್ರಮಾಣದಲ್ಲಿ ಏರುವುದಿಲ್ಲ; ಅದರ ಮೇಲಿನ 10 ಲಕ್ಷದ ಅಂಬ್ರೆಲಾ ಬೇಕಾದರೆ ಕೆಳಗಿನ ಮಿತಿಗಳನ್ನು ಕಂಪನಿ ಹೇಳಿದಷ್ಟಕ್ಕೆ ಮೊದಲು ಏರಿಸಿರಬೇಕು. 

ಅರ್ಜಿಯಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿರಲೇಬೇಕಾದ ವಾರಂಟಿಯಲ್ಲ, ರೆಪ್ರೆಸೆಂಟೇಷನ್: ತಿಳಿದ ಮಟ್ಟಿಗೆ ನಿಜವಾಗಿದ್ದರೆ ಸಾಕು. ಆದರೆ ಕಂಪನಿಯ ನಿರ್ಧಾರವನ್ನೇ ಬದಲಿಸುವಂಥ ಸುಳ್ಳು ಪಾಲಿಸಿಯನ್ನೇ ರದ್ದು ಮಾಡಿಸಬಲ್ಲದು. ಲೈಸೆನ್ಸ್ ಪಡೆದ ಹದಿನಾರರ ಮಗನ ಹೆಸರು ಬಿಡುವುದು, ಊಟ ತಲುಪಿಸುವ ಆಪ್‌ಗೆ ಕಾರು ಓಡಿಸುವುದನ್ನು ಮುಚ್ಚಿಡುವುದು ಇದೇ ಜಾತಿಯವು. ಇದಕ್ಕೆ ಎದುರಾಗಿ ಗಿರಾಕಿಯ ಪರವಾದ ನಿಯಮವೂ ಉಂಟು. ಪಾಲಿಸಿ ಕಂಪನಿಯೇ ಬರೆದ, ನೀವು ಒಂದಕ್ಷರ ತಿದ್ದಲಾಗದ ಕರಾರು. ಹಾಗಾಗಿ ಎರಡರ್ಥದ ವಾಕ್ಯವಿದ್ದರೆ ಕೋರ್ಟು ಅದನ್ನು ನಿಮ್ಮ ಕಡೆಗೆ ಓದುತ್ತದೆ.

ನಷ್ಟವಾದ ದಿನ ಮಾಡಬೇಕಾದದ್ದಕ್ಕೂ ಪಾಲಿಸಿಯಲ್ಲಿ ಕ್ರಮವಿದೆ. ತಡಮಾಡದೆ ತಿಳಿಸಬೇಕು, ಕಳ್ಳತನವಾದರೆ ಪೊಲೀಸರಿಗೂ. ಹಾನಿ ಹೆಚ್ಚಾಗದಂತೆ ತಡೆಯಬೇಕು: ಚಾವಣಿಗೆ ಟಾರ್ಪಾಲು, ನೀರಿಗೆ ಮೇನ್ ವಾಲ್ವ್. ಟಾರ್ಪಾಲಿನ ರಸೀತಿ ಇಟ್ಟುಕೊಂಡರೆ ಆ ಖರ್ಚೂ ಸಿಗುತ್ತದೆ. ಸುಮ್ಮನೆ ಬಿಟ್ಟು ಎರಡನೆಯ ಮಳೆಗೆ ಸೀಲಿಂಗ್ ಕುಸಿದರೆ ಆ ಭಾಗದ ಹಣ ಹೋಯಿತು. ಒದ್ದೆ ಕಾರ್ಪೆಟ್ಟನ್ನು ಅಡ್ಜಸ್ಟರ್ ನೋಡುವ ಮುಂಚೆ ಎಸೆಯಬಾರದು. ಎಸೆಯಲೇಬೇಕಾದರೆ ಒಂದು ತುಂಡು ಕತ್ತರಿಸಿ ಇಟ್ಟುಕೊಂಡು ಫೋಟೊ ತೆಗೆದಿರಬೇಕು. ಪ್ರಮಾಣೀಕರಿಸಿದ ನಷ್ಟಪತ್ರ ಕೇಳಿದರೆ ಸಾಮಾನ್ಯವಾಗಿ 60 ದಿನ ಗಡುವು. ಮೊದಲು ಸವಕಳಿ ಕಳೆದ ಹಣ ಪಡೆದವರು ಉಳಿದ ರಿಪ್ಲೇಸ್‌ಮೆಂಟ್ ಹಣವೂ ಬೇಕೆಂದು ತಿಳಿಸಲು ಮಾದರಿ ಫಾರ್ಮಿನಲ್ಲಿರುವ ಅವಧಿ ನಷ್ಟವಾದ ದಿನದಿಂದ 180 ದಿನ. ದಿನ ಎಣಿಸುವುದು ಮೊದಲ ಚೆಕ್ಕು ಕೈಗೆ ಬಂದಾಗಿನಿಂದ ಅಲ್ಲ, ಆಲಿಕಲ್ಲು ಬಿದ್ದ ಸಂಜೆಯಿಂದ.